ಮಾಮೂಲಿ ಫೈಲುಗಳು

ನಮ್ಮ ಕಡೆ ‘ಮಾಮೂಲಿ’ ಎನ್ನುವ ಮಾತು ಎಲ್ಲದಕ್ಕೂ ಆಗುತ್ತದೆ. ಹೋಟೆಲಿನಲ್ಲಿ ಕೂತವನು ‘ಮಾಮೂಲಿ’ ಅಂದರೆ ಅವನ ಎರಡು ಇಡ್ಲಿ, ಅರ್ಧ ಕಾಫಿ ತಾನಾಗಿ ಬರುತ್ತದೆ. ಜ್ವರದಿಂದ ಎದ್ದವರನ್ನು ಹೇಗಿದ್ದೀರಿ ಎಂದು ಕೇಳಿದರೆ ‘ಮಾಮೂಲಿ’ ಅನ್ನುತ್ತಾರೆ. ಕಚೇರಿಗಳ ಬಾಗಿಲಲ್ಲಿ ಅದೇ ಮಾತಿಗೆ ಏನರ್ಥವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಮ್ಮ ಅಕ್ಕನಿಗೆ ಬಿರಿಯಾನಿ ಹೇಳಿಕೊಡುವಾಗ ಅಕ್ಕಿ ಎಷ್ಟು, ಮಾಂಸ ಎಷ್ಟು ಎಂದೆಲ್ಲ ಹೇಳಿ, ಮಸಾಲೆಯ ಹತ್ತಿರ ಬಂದಾಗ ‘ಮಾಮೂಲಿ ಮಸಾಲೆ’ ಎಂದು ಮುಗಿಸಿಬಿಟ್ಟಿದ್ದಳು. ಅಕ್ಕ ಗಂಡನ ಮನೆಯಲ್ಲಿ ಅದನ್ನು ಮಾಡಿ, ಕೆಡಿಸಿ, ಎರಡು ಪುಟ ಅತ್ತು ಕಾಗದ ಬರೆದಳು. ಕಾಗದ ಓದಿದ ಅಮ್ಮನಿಗೆ ತಾನೇನು ಬಿಟ್ಟೆ ಎನ್ನುವುದೇ ಹೊಳೆಯಲಿಲ್ಲ. ಅಮ್ಮನದು ಮರೆವು, ಅದಕ್ಕೆ ಮಾಫಿ ಇದೆ. ನಾನು ಹೇಳಹೊರಟಿರುವುದು ಬೇರೆ ಥರದ ಮಾಮೂಲಿ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ಅಪ್ಪನದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಸಣ್ಣ ಕಾರ್ಖಾನೆ. ಮನೆಯೊಳಗೆ ಉರ್ದು, ಬೀದಿಯಲ್ಲಿ ಕನ್ನಡ, ಗೂಡಿನ ಮಾರುಕಟ್ಟೆಯಲ್ಲಿ ಅರ್ಧಕ್ಕರ್ಧ ತೆಲುಗು. ನಾನು ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕೇಂದ್ರ ಎಂದರೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ, ಐದು ಮಷೀನು. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟು, ಬಿಸಿಲು ಇಳಿಯುವ ಮುಂಚೆ ಮನೆ ಸೇರುತ್ತಿದ್ದೆ. ಇಡೀ ದಿನ ಇನ್ನೊಬ್ಬರಿಗೆ ಏನೋ ಕಲಿಸಿ ಬರುವ ಆ ಓಡಾಟ ನನಗೆ ಎಷ್ಟು ಇಷ್ಟವಿತ್ತೆಂದರೆ ಭಾನುವಾರಗಳ ಮೇಲೆ ಸಿಟ್ಟು ಬರುತ್ತಿತ್ತು.

ಮನೆಯಲ್ಲಿ ಮಾತ್ರ ಗಡಿಯಾರ ಓಡುತ್ತಿತ್ತು. ಅಪ್ಪ ಕೆಟ್ಟವರಲ್ಲ. ಡಿಪ್ಲೊಮಾ ಮಾಡಿಸಿದವರೇ ಅವರು. ಆದರೆ ಮೂರು ವರ್ಷವಾದರೂ ಮಗಳ ಕೆಲಸ ಕಾಯಂ ಆಗಲಿಲ್ಲ, ಬಟ್ಟೆ ಅಂಗಡಿಯ ಮೇಲೆಯೇ ಇದ್ದಾಳೆ ಎಂದು ನೆಂಟರು ಶುರುಮಾಡಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ಅಪ್ಪ ಮೆಲ್ಲಗೆ ‘ಬಸ್ ಹುವಾ ಬೇಟಾ’ ಅಂದರು. ಸಾಕಾಯಿತು ಮಗಳೇ ಎಂದು. ಕಾಲೇಜಿನಲ್ಲೋ ಸ್ಕೂಲಿನಲ್ಲೋ ಕಾಯಂ ಕೆಲಸ ಸಿಕ್ಕರೆ ಯಾರ ಬಾಯಿಗೂ ಉತ್ತರ ಕೊಡುತ್ತೇನೆ. ಈ ಬೇಸಿಗೆಯೊಳಗೆ ಸಿಗದಿದ್ದರೆ ಮನೆಯಲ್ಲಿರು ಎಂದರು. ಅವರು ಗದರಿದ್ದರೆ ಜಗಳವಾಡುತ್ತಿದ್ದೆ. ಮೆಲ್ಲಗೆ ಹೇಳಿದ್ದರಿಂದ ಒಪ್ಪಿಕೊಂಡೆ.

ಅದೇ ತಿಂಗಳು ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಖಾಲಿಯಾಯಿತು. ಕಾಯಂ ಹುದ್ದೆ. ಚಿಕ್ಕಬಳ್ಳಾಪುರಕ್ಕೆ ಹೋಗುವ ನಾನು ಅದೇ ರಸ್ತೆಯಲ್ಲಿ ಎದುರು ದಿಕ್ಕಿನ ಬಸ್ಸು ಹತ್ತಿದರಾಯಿತು, ಅಷ್ಟೆ. ಆ ಕಾಲೇಜಿನ ಲ್ಯಾಬಿನಲ್ಲಿ ಯಾರೋ ಹಳೆಯ ವಿದ್ಯಾರ್ಥಿ ಲಿನಕ್ಸ್ ಎನ್ನುವ ಬಿಟ್ಟಿ ಆಪರೇಟಿಂಗ್ ಸಿಸ್ಟಂ ಹಾಕಿ ಹೋಗಿದ್ದ. ಅದನ್ನು ಏನು ಮಾಡಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಪ್ರಿನ್ಸಿಪಾಲರು ಒಂದು ಪರೀಕ್ಷೆ ಇಟ್ಟರು: ಅರ್ಜಿ ಹಾಕಿದವರು ಕಾಲೇಜಿಗೆ ಉಪಯೋಗಕ್ಕೆ ಬರುವ ಒಂದು ಪ್ರೋಗ್ರಾಮನ್ನು ಅಲ್ಲಿನ ಮಷೀನಿನಲ್ಲಿ ತಾವೇ ಕಟ್ಟಿ, ಸಮಿತಿಯ ಎದುರು ನಡೆಸಿ ತೋರಿಸಬೇಕು. ಬರೆದವರು ಯಾರಾದರೂ ಸರಿ, ಬರೆದದ್ದನ್ನು ಆ ಮಷೀನಿನಲ್ಲಿ ಓಡುವಂತೆ ಕಟ್ಟುವುದು ಅಭ್ಯರ್ಥಿಯ ಕೆಲಸ. ತಯಾರಿಗೆ ಒಬ್ಬೊಬ್ಬರಿಗೆ ಮೂರು ಮಧ್ಯಾಹ್ನ ಲ್ಯಾಬ್ ಬಿಟ್ಟುಕೊಡುತ್ತಾರೆ.

ನನಗೆ ತಕ್ಷಣ ನೆನಪಾದದ್ದು ಮೇಷ್ಟ್ರು. ನಮ್ಮ ಕೇಂದ್ರದ ಹಿರಿಯ ಇನ್‌ಸ್ಟ್ರಕ್ಟರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಗೌರಿಬಿದನೂರಿನ ಹತ್ತಿರದ ಹಳ್ಳಿಯ ಜಮೀನುದಾರರ ಮನೆಯವರು, ನನಗಿಂತ ಐದಾರು ವರ್ಷ ದೊಡ್ಡವರು. ಲಿನಕ್ಸ್ ಎನ್ನುವ ಹೆಸರನ್ನು ಚಿಕ್ಕಬಳ್ಳಾಪುರದಲ್ಲಿ ಮೊದಲು ಹೇಳಿದವರೇ ಅವರಿರಬೇಕು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಜೋಡಿಸಿ ಮುದ್ರಿಸುವ ಒಂದು ಪ್ರೋಗ್ರಾಮನ್ನು ಒಂದೂವರೆ ವರ್ಷ ಕೂತು ತಾವೇ ಬರೆದಿದ್ದರು. ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ. ಅದಕ್ಕಿಂತ ದೊಡ್ಡದು ಅವರ ಭಾಷಣ. ಸಾಫ್ಟ್‌ವೇರಿನ ಸೋರ್ಸನ್ನು, ಅಂದರೆ ಬರೆದವನು ಬರೆದ ಮೂಲ ಪಠ್ಯವನ್ನು, ಬಚ್ಚಿಡುವುದು ಪಾಪ ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು. ‘ಊರ ಬಾವಿಗೆ ಬೀಗ ಹಾಕ್ತಾರೇನ್ರಪ್ಪಾ? ಸೋರ್ಸೂ ಅಷ್ಟೇ. ಯಾರು ಬೇಕಾದ್ರೂ ಸೇದ್ಕೋಬಹುದು,’ ಎನ್ನುವುದು ಅವರ ಮಾತು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಹೋಗಿ ಕೇಳಿದೆ. ಚಿಂತಾಮಣಿಯ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ನಿಮ್ಮ ಪ್ರೋಗ್ರಾಮನ್ನು ಅಲ್ಲಿ ಕಟ್ಟಿ ತೋರಿಸಬಹುದಾ ಎಂದೆ. ಮನೆಯ ಸ್ಥಿತಿಯನ್ನೂ ಹೇಳಿದೆ, ಈ ಬೇಸಿಗೆ ದಾಟಿದರೆ ನನ್ನ ಓಡಾಟ ಮುಗಿಯಿತು ಎಂದು. ಅವರು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದರು.

‘ಅದಕ್ಕೇನಮ್ಮಾ, ತಗೊಂಡ್ ಹೋಗು. ನಾಳೆ ಫ್ಲಾಪಿಗೆ ಹಾಕ್ಕೊಡ್ತೀನಿ,’ ಎಂದರು.

ಮರುದಿನ ಫ್ಲಾಪಿ ಕೊಟ್ಟರು. ಅದರಲ್ಲಿ ಸೋರ್ಸೆಲ್ಲ ಇತ್ತು, ಜೊತೆಗೆ ‘ರೀಡ್‌ಮಿ’ ಎನ್ನುವ ಫೈಲು. ಪ್ರೋಗ್ರಾಮನ್ನು ಕಟ್ಟುವುದು ಹೇಗೆಂದು ಬರೆದಿಡುವ ಫೈಲು ಅದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ಮೂರು ಆಜ್ಞೆಗಳು, ಒಂದರ ಕೆಳಗೆ ಒಂದು. ಅವುಗಳ ಮೇಲೆ ಒಂದೇ ಸಾಲು: ‘ಮಷೀನಿನಲ್ಲಿ ಮಾಮೂಲಿ ಫೈಲುಗಳಿದ್ದರೆ ಸಾಕು.’

ನಾನು ಆ ಸಾಲನ್ನು ದಾಟಿ ಮುಂದೆ ಹೋದೆ. ನಮ್ಮ ಊರಿನವರು ಯಾರಾದರೂ ದಾಟುತ್ತಿದ್ದರು.

ಮೊದಲು ನಮ್ಮ ಕೇಂದ್ರದ ಮಷೀನಿನಲ್ಲೇ ಕಟ್ಟಿ ನೋಡಿದೆ. ಒಂದು ತಪ್ಪಿಲ್ಲದೆ ಕಟ್ಟಿಕೊಂಡಿತು. ಪರದೆಯ ಮೇಲೆ ಕನ್ನಡ ಅಕ್ಷರ ದುಂಡುದುಂಡಾಗಿ ಬಂತು. ಆ ಮಷೀನನ್ನು ಸಿದ್ಧಪಡಿಸಿದವರು ಮೇಷ್ಟ್ರೇ, ಅವರ ಒಂದೂವರೆ ವರ್ಷದ ಸಾಮಾನೆಲ್ಲ ಅದರ ಹೊಟ್ಟೆಯಲ್ಲೇ ಇದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಪಾಠ ಹೇಳುವವಳು ನಾನು. ಕಟ್ಟಿದ ಪ್ರೋಗ್ರಾಮನ್ನೇ ಫ್ಲಾಪಿಯಲ್ಲಿ ಒಯ್ಯುವ ಹಾಗೂ ಇರಲಿಲ್ಲ. ಕಾಲೇಜಿನ ಲಿನಕ್ಸ್ ನಮ್ಮದಕ್ಕಿಂತ ಹಳೆಯದು, ಅಲ್ಲಿ ಅದು ಓಡುತ್ತಿರಲಿಲ್ಲ. ಸೋರ್ಸಿನಿಂದಲೇ ಕಟ್ಟಬೇಕು.

ಮೊದಲ ಮಧ್ಯಾಹ್ನ ಚಿಂತಾಮಣಿಯಲ್ಲಿ ಎರಡನೇ ಆಜ್ಞೆಗೇ ಮಷೀನು ನಿಂತಿತು. ಯಾವುದೋ ಒಂದು ಫೈಲು ಇಲ್ಲ ಎಂದಿತು. ಕಂಪ್ಯೂಟರ್ ಗೊತ್ತಿಲ್ಲದವರಿಗೆ ಹೇಳುವುದಾದರೆ ಇಷ್ಟೇ: ಯಾರ ಪ್ರೋಗ್ರಾಮೂ ಪೂರ್ತಿ ಅವರದೇ ಅಲ್ಲ. ಪರದೆಯ ಮೇಲೆ ಅಕ್ಷರ ಇಡುವುದು, ಪ್ರಿಂಟರಿಗೆ ಕಳಿಸುವುದು ಇಂಥ ಕೆಲಸಕ್ಕೆ ಬೇರೆಯವರು ಬರೆದಿಟ್ಟ ತುಣುಕುಗಳನ್ನು ಕರೆಯುತ್ತದೆ. ಅವುಗಳಿಗೆ ಲೈಬ್ರರಿ ಎನ್ನುತ್ತಾರೆ. ಕರೆದ ಲೈಬ್ರರಿ ಆ ಮಷೀನಿನಲ್ಲಿ ಇಲ್ಲದಿದ್ದರೆ ಕೆಲಸ ಅಲ್ಲಿಗೆ ನಿಂತಿತು. ಯಾವ ಯಾವ ಲೈಬ್ರರಿ ಬೇಕೆಂದು ಬರೆದಿಡುವುದು ಪ್ರೋಗ್ರಾಂ ಬರೆದವನ ಕರ್ತವ್ಯ. ಇಲ್ಲಿ ಬರೆದದ್ದು ಮಾಮೂಲಿ ಎಂದು.

ಮರುದಿನ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರಿಗೆ ಹೇಳಿದೆ. ‘ಅಯ್ಯೋ, ಅದು ಹಾಕಿಲ್ವಾ ಅಲ್ಲಿ? ಮಾಮೂಲಿ ಇರುತ್ತಲ್ಲಮ್ಮಾ,’ ಎಂದು ನಕ್ಕು, ಹುಡುಕಿ, ಒಂದು ಫ್ಲಾಪಿಗೆ ಹಾಕಿಕೊಟ್ಟರು. ಎರಡನೇ ಮಧ್ಯಾಹ್ನ ಆ ಲೈಬ್ರರಿ ಹಾಕಿದೆ. ಮಷೀನು ಇನ್ನೂ ಸ್ವಲ್ಪ ದೂರ ಹೋಗಿ, ಇನ್ನೊಂದಿಲ್ಲ ಎಂದಿತು. ಇದು ಪ್ರಿಂಟರಿಗೆ ಸಂಬಂಧಿಸಿದ್ದು. ಮತ್ತೆ ಮರುದಿನ ಬೆಳಿಗ್ಗೆ ಮೇಷ್ಟ್ರು. ಮತ್ತೆ ಅದೇ ನಗು, ಮತ್ತೊಂದು ಫ್ಲಾಪಿ.

‘ಇನ್ನೇನಾದ್ರೂ ಬೇಕಾಗುತ್ತಾ ಮೇಷ್ಟ್ರೇ? ಇವತ್ತೇ ಕೊನೇ ದಿನ,’ ಎಂದು ಕೇಳಿದೆ. ಹೀಗೆ ನೇರವಾಗಿ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆಮೇಲೆ ಅದನ್ನು ಎಷ್ಟೋ ಸಲ ನೆನಪು ಮಾಡಿಕೊಂಡು ಖಾತ್ರಿ ಮಾಡಿಕೊಂಡಿದ್ದೇನೆ.

‘ಇಲ್ಲಮ್ಮಾ, ಇಷ್ಟು ಹಾಕಿದ್ರೆ ಕಟ್ಕೊಳುತ್ತೆ. ಸರೇಲೇ, ಧೈರ್ಯವಾಗಿ ಹೋಗು,’ ಎಂದರು, ತೆಲುಗು ಬೆರೆಸಿ.

ಅವರ ಮಾತು ಸುಳ್ಳಾಗಲಿಲ್ಲ. ಮೂರನೇ ಮಧ್ಯಾಹ್ನ ಪ್ರೋಗ್ರಾಂ ಕಟ್ಟಿಕೊಂಡಿತು. ಅಷ್ಟರಲ್ಲಿ ಅಟೆಂಡರ್ ಬಂದು ಕಿಟಕಿಗಳನ್ನು ಮುಚ್ಚತೊಡಗಿದ್ದ. ಶುರುಮಾಡಿ ನೋಡಿದೆ. ಇಂಗ್ಲಿಷಿನ ಮೊದಲ ಪರದೆ ಬಂತು, ಪ್ರೋಗ್ರಾಮಿನ ಹೆಸರು, ಕೆಳಗೆ ಮೇಷ್ಟ್ರ ಹೆಸರು. ನನಗೆ ಅಷ್ಟೇ ಸಾಕಾಯಿತು. ಒಂದು ಸಾಲು ಕನ್ನಡ ಹೊಡೆದು ನೋಡಲಿಲ್ಲ. ಆ ತಪ್ಪು ನನ್ನದೇ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳನ್ನು ನೋಡುತ್ತಾ, ಮೇಷ್ಟ್ರಿಗೆ ಏನು ಕೊಡಿಸಲಿ, ಒಳ್ಳೆಯ ಪೆನ್ನೋ ಅಂಗಿ ಬಟ್ಟೆಯೋ ಎಂದು ಯೋಚಿಸುತ್ತಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುವುದು ಸೋತದ್ದಕ್ಕಲ್ಲ. ಆ ಅಂಗಿ ಬಟ್ಟೆಯ ಯೋಚನೆಗೆ.

ಪರೀಕ್ಷೆಯ ದಿನ ಸಮಿತಿಯಲ್ಲಿ ನಾಲ್ವರಿದ್ದರು. ಪ್ರಿನ್ಸಿಪಾಲರು ಮಧ್ಯದಲ್ಲಿ. ನಾನು ಶುರುಮಾಡಿದೆ, ಮೊದಲ ಪರದೆ ತೋರಿಸಿದೆ, ಮಾತು ಚೆನ್ನಾಗಿಯೇ ಬಂತು. ‘ಇನ್ನು ಮೇಲೆ ಕನ್ನಡ ಪ್ರಶ್ನೆಪತ್ರಿಕೆಗೆ ಪ್ರೆಸ್ಸಿಗೆ ಹೋಗ್ಬೇಕಾಗಿಲ್ಲ ಸಾರ್, ಇಲ್ಲೇ ಆಗುತ್ತೆ,’ ಎಂದು ಹೇಳಿ ಒಂದು ಪ್ರಶ್ನೆ ಹೊಡೆದೆ.

ಪರದೆಯ ಮೇಲೆ ಒಂದು ಖಾಲಿ ಚೌಕ ಬಂತು. ಪಕ್ಕದಲ್ಲಿ ಇನ್ನೊಂದು. ಹೊಡೆದ ಅಕ್ಷರಕ್ಕೊಂದು ಚೌಕ. ಏನೋ ಕೀಲಿ ತಪ್ಪಿರಬೇಕೆಂದು ಅಳಿಸಿ ಮತ್ತೆ ಹೊಡೆದೆ. ಸಾಲುದ್ದಕ್ಕೂ ಚೌಕಗಳೇ. ಪ್ರಿಂಟ್ ಕೊಟ್ಟರೆ ಪ್ರಿಂಟರು ಕರಕರ ಎಂದು ಬಹಳ ಶ್ರದ್ಧೆಯಿಂದ ಆ ಚೌಕಗಳನ್ನೇ ಮುದ್ರಿಸಿತು. ಪ್ರಿನ್ಸಿಪಾಲರು ಹಾಳೆಯನ್ನು ಹರಿದುಕೊಂಡು, ತಿರುಗಿಸಿ ನೋಡಿ, ‘ಏನಮ್ಮಾ, ಬಿಟ್ಟ ಸ್ಥಳ ತುಂಬಿರಿ ಪ್ರಶ್ನೆನಾ?’ ಎಂದರು. ಉಳಿದ ಮೂವರು ನಕ್ಕರು. ಒಳ್ಳೆಯ ತಮಾಷೆಯೇ. ಬೇರೆ ಯಾರ ಮೇಲಾದರೂ ಆಗಿದ್ದರೆ ನಾನೂ ನಗುತ್ತಿದ್ದೆ.

ಕಾಲು ಗಂಟೆ ಒದ್ದಾಡಿದೆ. ಕೊನೆಗೆ ಸೋರ್ಸನ್ನೇ ತೆಗೆದು ಹುಡುಕಿದಾಗ ಸಿಕ್ಕಿತು. ಕನ್ನಡ ಅಕ್ಷರಗಳ ಆಕಾರವೆಲ್ಲ ಇರುವ ಫಾಂಟ್ ಫೈಲನ್ನು ಪ್ರೋಗ್ರಾಂ ಒಂದು ನಿರ್ದಿಷ್ಟ ಜಾಗದಲ್ಲಿ ಹುಡುಕುತ್ತಿತ್ತು. ಆ ಜಾಗ ಮೇಷ್ಟ್ರ ಸ್ವಂತ ಫೋಲ್ಡರು, ಅವರದೇ ಹೆಸರಿನದು. ನಮ್ಮ ಕೇಂದ್ರದ ಮಷೀನಿನಲ್ಲಿ ಅದಿತ್ತು, ಇಲ್ಲಿ ಎಲ್ಲಿಂದ ಬರಬೇಕು? ಫೈಲು ಸಿಗದಿದ್ದರೆ ಚೌಕ ಬಿಡಿಸು ಎಂದು ಬರೆದಿತ್ತು. ಕಟ್ಟುವಾಗ ಅದು ಬೇಕಾಗುವುದಿಲ್ಲ, ಆದ್ದರಿಂದಲೇ ಮಷೀನು ಮೊದಲೇ ತಕರಾರು ಮಾಡಲಿಲ್ಲ. ‘ಇಷ್ಟು ಹಾಕಿದ್ರೆ ಕಟ್ಕೊಳುತ್ತೆ’ ಎಂದಿದ್ದರಲ್ಲ, ಅಕ್ಷರಶಃ ನಿಜ.

ಈ ಸಾಲು ಮೂರು ದಿನ ನನ್ನ ಕೈಯಲ್ಲೇ ಇತ್ತು. ಬೀಗ ಹಾಕಿಟ್ಟಿದ್ದರೆ ಒಳಗೇನಿದೆ ಎಂದು ನಾನೇ ಅನುಮಾನ ಪಡುತ್ತಿದ್ದೆ. ಎಲ್ಲ ತೆರೆದಿಟ್ಟಿದ್ದೇನೆ ಎಂದು ಅವರು ಹೇಳಿದ್ದರಿಂದ ತೆರೆದು ನೋಡಲಿಲ್ಲ.

ಹೊರಗೆ ಬಂದೆ. ವರಾಂಡದ ಬೆಂಚಿನ ಮೇಲೆ ಮುಂದಿನ ಅಭ್ಯರ್ಥಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಫ್ಲಾಪಿ ಡಬ್ಬಿ. ಮೇಷ್ಟ್ರು.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಖುಷಿ. ನನಗೆ ಸಹಾಯ ಮಾಡಲು ಗೌರಿಬಿದನೂರಿನಿಂದ ಇಲ್ಲಿಯವರೆಗೆ ಬಂದಿದ್ದಾರೆ ಎಂದುಕೊಂಡು, ‘ಮೇಷ್ಟ್ರೇ, ಫಾಂಟ್ ಫೈಲ್ ತಂದಿದೀರಾ?’ ಎಂದು ಕೇಳಿದೆ. ಅವರು ಎದ್ದು ನಿಂತು, ನನ್ನ ಹೆಗಲಾಚೆ ಬಾಗಿಲನ್ನೇ ನೋಡುತ್ತಾ, ‘ನಂದೂ ಇವತ್ತೇ ಇದೆಯಮ್ಮಾ,’ ಎಂದರು. ಅಷ್ಟರಲ್ಲಿ ಒಳಗಿಂದ ಅಟೆಂಡರ್ ಅವರ ಹೆಸರು ಕೂಗಿದ. ಅವರ ಮೂರು ಮಧ್ಯಾಹ್ನಗಳು ನನಗಿಂತ ಮುಂಚೆಯೇ, ಪಕ್ಕದ ಮಷೀನಿನಲ್ಲಿ ಮುಗಿದಿದ್ದವಂತೆ. ಅಟೆಂಡರ್ ಆಮೇಲೆ ಹೇಳಿದ. ಬಾಗಿಲ ಸಂದಿಯಿಂದ ಪ್ರಿಂಟರಿನ ಅದೇ ಕರಕರ ಕೇಳಿಸಿತು, ಹಿಂದೆಯೇ ಪ್ರಿನ್ಸಿಪಾಲರ ‘ಭಲೇ’.

ಕೆಲಸ ಅವರಿಗಾಯಿತು. ಅಪ್ಪನಿಗೆ ಹೇಳಿದೆ. ಆಡಬೇಕಾದದ್ದನ್ನು ಅವರು ಮೊದಲೇ ಆಡಿದ್ದರು. ನಡೆಯುತ್ತಿದ್ದ ಬ್ಯಾಚನ್ನು ಮುಗಿಸಿಬರಲು ಮಾತ್ರ ಬಿಟ್ಟರು. ಎರಡು ವಾರ.

ಆಗಲೂ ನಾನು ಮೇಷ್ಟ್ರನ್ನು ಪೂರ್ತಿ ಬೈದುಕೊಂಡಿರಲಿಲ್ಲ. ಅರ್ಜಿ ಹಾಕಿದ್ದನ್ನು ಹೇಳದೆ ಇದ್ದದ್ದು ಸಣ್ಣತನ ನಿಜ, ಆದರೆ ಫಾಂಟಿನ ವಿಷಯ ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಾನು ದಿನಾ ಕೂರುವ ಮಷೀನಿನಲ್ಲಿ ಏನೇನಿದೆ ಎನ್ನುವುದು ಯಾರಿಗೂ ಕಾಣುವುದಿಲ್ಲ. ಅಮ್ಮನ ಮಸಾಲೆಯ ಹಾಗೆ. ಮನುಷ್ಯರನ್ನು ಕ್ಷಮಿಸಲು ನಾವು ಎಷ್ಟು ಕಷ್ಟಪಡುತ್ತೇವೆ ಎಂದು ಈಗ ನಗು ಬರುತ್ತದೆ.

ಕೊನೆಯ ವಾರದಲ್ಲಿ ಮಷೀನಿನಿಂದ ನನ್ನ ಸಾಮಾನೆಲ್ಲ ಅಳಿಸುತ್ತಿದ್ದೆ. ಮೇಷ್ಟ್ರು ಕೊಟ್ಟ ಫ್ಲಾಪಿಯಿಂದ ಇಳಿಸಿಕೊಂಡಿದ್ದ ಫೋಲ್ಡರನ್ನು ತೆರೆದೆ. ‘ರೀಡ್‌ಮಿ’ ಪಕ್ಕದಲ್ಲಿ ಇನ್ನೊಂದು ‘ರೀಡ್‌ಮಿ’ ಇತ್ತು. ಹೆಸರಿನ ಕೊನೆಗೆ ಅಲೆಯಂಥ ಒಂದು ಪುಟ್ಟ ಗೆರೆ. ಮೇಷ್ಟ್ರು ಬಳಸುತ್ತಿದ್ದ ಎಡಿಟರಿಗೆ ಒಂದು ಅಭ್ಯಾಸವಿದೆ: ನೀವು ಫೈಲೊಂದನ್ನು ತಿದ್ದಿ ಉಳಿಸಿದರೆ, ತಿದ್ದುವ ಮೊದಲು ಅದು ಹೇಗಿತ್ತೋ ಹಾಗೇ ಒಂದು ಪ್ರತಿಯನ್ನು ಬಾಲ ಹಚ್ಚಿ ಪಕ್ಕಕ್ಕಿಡುತ್ತದೆ. ಎಲ್ಲರೂ ಅದನ್ನು ಕಸವೆಂದು ಬಿಡುತ್ತಾರೆ. ಫ್ಲಾಪಿಗೆ ತುಂಬುವಾಗ ಅವರೂ ಬಿಟ್ಟಿದ್ದರು, ಮೊದಲ ದಿನ ನಾನೂ ಬಿಟ್ಟಿದ್ದೆ.

ಈಗ ತೆರೆದೆ. ಅದೇ ಮೂರು ಆಜ್ಞೆ. ಅವುಗಳ ಮೇಲೆ ಮಾತ್ರ ಒಂದು ಸಾಲಿನ ಬದಲು ಮೂರು ಸಾಲು. ಮೊದಲು ಈ ಲೈಬ್ರರಿ ಹಾಕಿ. ಪ್ರಿಂಟರಿಗೆ ಈ ಲೈಬ್ರರಿ ಬೇಕು. ಮುಖ್ಯ: ಫಾಂಟ್ ಫೈಲನ್ನು ಈ ಜಾಗದಲ್ಲಿ ಇಡಿ, ಇಲ್ಲದಿದ್ದರೆ ಅಕ್ಷರದ ಬದಲು ಚೌಕ ಬರುತ್ತದೆ. ಒಳ್ಳೆಯ ಶಿಕ್ಷಕ ಬರೆದಂತೆ, ಯಾರಿಗೂ ಸಂದೇಹ ಉಳಿಯದಂತೆ ಬರೆದಿದ್ದರು. ಆ ಮೂರನ್ನೂ ಅಳಿಸಿ ಒಂದು ‘ಮಾಮೂಲಿ’ ಹಾಕಿದ ತಾರೀಖು ಫೈಲಿನ ಮೇಲೇ ಇತ್ತು. ನಾನು ಅವರ ಹತ್ತಿರ ಹೋಗಿ ಕೇಳಿದ ದಿನ.

ನನಗೆ ಅಳು ಬರಲಿಲ್ಲ. ಎರಡೂ ಫೈಲುಗಳನ್ನು ತಾರೀಖಿನ ಸಮೇತ ಒಂದೇ ಹಾಳೆಯ ಮೇಲೆ ಮುದ್ರಿಸಿ ಬ್ಯಾಗಿನಲ್ಲಿಟ್ಟುಕೊಂಡೆ.

ಮೇಷ್ಟ್ರು ತಮ್ಮ ಪುಸ್ತಕಗಳನ್ನು ಒಯ್ಯಲು ಒಂದು ಬೆಳಿಗ್ಗೆ ಕೇಂದ್ರಕ್ಕೆ ಬಂದರು. ಕ್ಲಾಸು ಇನ್ನೂ ಶುರುವಾಗಿರಲಿಲ್ಲ, ನಾವಿಬ್ಬರೇ. ಹಾಳೆಯನ್ನು ಅವರ ಮುಂದಿಟ್ಟೆ.

‘ಏನಮ್ಮಾ ಇದು?’

‘ನೀವು ಅಳಿಸಿದ್ದು ಮೇಷ್ಟ್ರೇ.’

ಓದಿದರು. ಹಳೆಯ ಕಾಪಿ ಇರಬೇಕು ಎಂದು ಏನೋ ಶುರುಮಾಡಿ, ತಾರೀಖಿನ ಮೇಲೆ ನನ್ನ ಬೆರಳು ನೋಡಿ ಆ ಮಾತು ಬಿಟ್ಟರು. ಕುರ್ಚಿ ಎಳೆದು ಕೂತರು.

‘ನೋಡಮ್ಮಾ, ನಂಗೂ ಈ ಅಂಗಡಿ ಮೇಲಿನ ಕೆಲಸ ಸಾಕಾಗಿತ್ತು. ನಿಂಗೇನು, ಇವತ್ತಲ್ಲ ನಾಳೆ ಮದುವೆ ಆಗುತ್ತೆ. ಆಮೇಲೆ ಯಾರು ಕಳಿಸ್ತಾರೆ ಕೆಲಸಕ್ಕೆ? ನಿಂಗ್ ಬಂದಿದ್ರೂ ಅದು ವೇಸ್ಟೇ ಅಲ್ವಾ?’

‘ನೀವೂ ಹಾಕ್ತಿದೀರಾ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತು. ನಾನು ಬೇರೆ ಪ್ರೋಗ್ರಾಂ ತಗೊಂಡ್ ಹೋಗ್ತಿದ್ದೆ.’

‘ಹೇಳಿದ್ರೆ ನೀನೇ ಗೆಲ್ತಿದ್ದೆ ಕಣಮ್ಮಾ,’ ಎಂದರು.

ಮೂರು ವರ್ಷದಲ್ಲಿ ಅವರು ನನ್ನ ಕೆಲಸದ ಬಗ್ಗೆ ಆಡಿದ ಒಂದೇ ಒಂದು ಒಳ್ಳೆಯ ಮಾತು ಅದು. ಎಲ್ಲವನ್ನೂ ಅಳೆದು ನೋಡಿದ್ದರು. ನನ್ನ ಮನೆಯ ಸ್ಥಿತಿ, ನನ್ನ ಕೈಚಳಕ, ನಾನು ಯಾವ ಸಾಲನ್ನು ಓದದೆ ದಾಟುತ್ತೇನೆ ಎನ್ನುವುದು. ನನ್ನನ್ನು ಅಷ್ಟು ಗಮನವಿಟ್ಟು ನೋಡಿದವರು ಆವರೆಗೆ ಯಾರೂ ಇರಲಿಲ್ಲ.

ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿ, ಮತ್ತೆ ಬಿಚ್ಚಿ, ತಗ್ಗಿದ ದನಿಯಲ್ಲಿ ಕೇಳಿದರು: ‘ಇದನ್ನ ಪ್ರಿನ್ಸಿಪಾಲ್‌ಗೆ ತೋರಿಸ್ತೀಯಾ?’

ಆ ಕ್ಷಣದವರೆಗೆ ನನಗೆ ಆ ಯೋಚನೆ ಬಂದೇ ಇರಲಿಲ್ಲ. ಅವರು ಒಪ್ಪಿಕೊಳ್ಳಲಿ, ಒಂದು ಸಲ ತಲೆ ತಗ್ಗಿಸಲಿ ಎಂದಷ್ಟೇ ಬಂದಿದ್ದೆ. ಮೂರು ವರ್ಷ ‘ಹೂಂ ಮೇಷ್ಟ್ರೇ’ ಎಂದು ರೂಢಿಯಾಗಿದ್ದ ಬಾಯಿ ನನ್ನನ್ನು ಕೇಳದೆ ತಾನೇ ಉತ್ತರ ಕೊಟ್ಟಿತು.

‘ಇಲ್ಲ ಮೇಷ್ಟ್ರೇ, ತೋರಿಸಲ್ಲ.’

ಅವರ ಹೆಗಲು ಇಳಿಯಿತು. ಮುಖದಲ್ಲಿ ಒಂದು ನೆಮ್ಮದಿ ಬಂತು, ಬಸ್ಸು ತಪ್ಪಿಹೋಯಿತು ಎಂದುಕೊಂಡವನಿಗೆ ಬಸ್ಸು ಸಿಕ್ಕಿದ ಹಾಗೆ. ‘ಒಳ್ಳೆ ಹುಡುಗಿ ಕಣಮ್ಮಾ ನೀನು,’ ಎಂದು ಹೇಳಿ, ಹಾಳೆಯನ್ನು ಜೇಬಿಗೆ ಹಾಕಿಕೊಂಡು, ಪುಸ್ತಕದ ಕಟ್ಟನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಅಳಿಸಿದ ಮೂರು ಸಾಲನ್ನು ಒಂದು ದಿನ ಕ್ಷಮಿಸಿದರೂ ಕ್ಷಮಿಸಿಯೇನು. ಆ ನೆಮ್ಮದಿಯನ್ನು ಮಾತ್ರ ಇವತ್ತಿನವರೆಗೂ ಕ್ಷಮಿಸಲು ಆಗಿಲ್ಲ.